ಇನ್ನೊಬ್ಬರ ನಿದ್ದೆ ಮಾತ್ರೆ ಮುಟ್ಟಬೇಡಿ



ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ಈ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರಾತ್ರಿ ಎದ್ದಿರುವವರು ಬಹಳ. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದರೆ ಎದ್ದು ತೋಟಕ್ಕೆ ಹೋಗಿ ಮೋಟರು ಹಾಕಬೇಕು. ಶಿರಾದ ಹೆದ್ದಾರಿಯಲ್ಲಿ ಲಾರಿ ಓಡಿಸುವವನಿಗೆ ಹಗಲು ರಾತ್ರಿ ಎರಡೂ ಒಂದೇ. ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಸೂರ್ಯ ಮುಳುಗಿದ ಮೇಲೆ ಬಿಡುವು. ಅದನ್ನು ಕಾಯುವವರಿಗೆ ಆಗಲೇ ಕೆಲಸ ಶುರು. ಕೊರಟಗೆರೆ, ಮಧುಗಿರಿಯಿಂದ ಕತ್ತಲಲ್ಲೇ ಎದ್ದು ಬೆಂಗಳೂರಿನ ಬಸ್ಸು ಹಿಡಿಯುವವರಿದ್ದಾರೆ. ನೀಟ್, ಸಿಇಟಿ ಅಂತ ಎರಡು ಗಂಟೆಯವರೆಗೆ ಓದುವ ಮಕ್ಕಳಿದ್ದಾರೆ. ನಿಮ್ಮ ಕಷ್ಟ ನನಗೆ ಗೊತ್ತು. ಆದ್ದರಿಂದಲೇ ಈ ಮಾತು.

ನಾನು ಮಧುಗಿರಿಯ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತು ಮುದುಕನಾದವನು. ಅಲ್ಲಿ ಮತ್ತೆ ಮತ್ತೆ ಕೇಳಿದ ಮಾತು ಒಂದಿದೆ: 'ಅಣ್ಣಾ, ನಮ್ಮಜ್ಜಿ ತಗೊಳ್ತಾರಲ್ಲ, ಆ ನಿದ್ದೆ ಮಾತ್ರೆ ಎರಡೇ ಎರಡು ಕೊಡಿ. ನಾಳೆ ಪರೀಕ್ಷೆ ಇದೆ.' ಕೊಡುವುದಿಲ್ಲ ಅಂದರೆ ಮುಖ ಸಣ್ಣದಾಗುತ್ತಿತ್ತು. ಯಾಕೆ ಕೊಡಲಿಲ್ಲ ಎಂದು ಕೌಂಟರಿನ ಗಡಿಬಿಡಿಯಲ್ಲಿ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಈಗ ಹೇಳುತ್ತೇನೆ. ಸ್ವಲ್ಪ ವಿಜ್ಞಾನ ಬರುತ್ತದೆ, ತಾಳ್ಮೆಯಿಂದ ಕೇಳಿ. ಕಾರಣ ತಿಳಿದು ಒಪ್ಪಿದ ಮಾತು ಮಾತ್ರ ಕಷ್ಟದ ರಾತ್ರಿಯಲ್ಲಿ ನೆನಪಿಗೆ ಬರುತ್ತದೆ.

ಮೊದಲು ನಿದ್ದೆ ಹೇಗೆ ಬರುತ್ತದೆ ಎಂಬುದು. ಮೆದುಳಿನ ಜೀವಕೋಶ ಕೆಲಸ ಮಾಡಲು ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡುತ್ತದೆ. ಅದು ಒಡೆಯುತ್ತಾ ಹೋದಂತೆ ಕೊನೆಗೆ ಉಳಿಯುವ ಒಂದು ಚೂರಿನ ಹೆಸರು ಅಡೆನೊಸಿನ್. ನೀವು ಎದ್ದಿರುವಷ್ಟು ಹೊತ್ತೂ ಅದು ಜೀವಕೋಶಗಳ ನಡುವಿನ ಜಾಗದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ನಮ್ಮ ಊರಿನ ಕೆರೆಯನ್ನೇ ನೆನೆಸಿಕೊಳ್ಳಿ. ಹಗಲೆಲ್ಲ ಹಳ್ಳದ ನೀರು ಬಂದು ಕೆರೆಯ ಮಟ್ಟ ಏರುತ್ತದೆ, ತೂಬಿನಿಂದ ಒಂದಿಷ್ಟು ಹೊರಗೆ ಹೋಗುತ್ತಿರುತ್ತದೆ. ಮಟ್ಟ ಏರಿದಷ್ಟೂ ನಿಮಗೆ ಆಕಳಿಕೆ, ಕಣ್ಣುರಿ, ತೂಕಡಿಕೆ. ಮಲಗಿ ನಿದ್ದೆ ಮಾಡಿದಾಗ ಮಟ್ಟ ಇಳಿಯುತ್ತದೆ. ಬೆಳಿಗ್ಗೆ ಮನಸ್ಸು ಹಗುರಾಗಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಇದು ಇಂದು ನಿನ್ನೆ ಕಂಡುಕೊಂಡದ್ದಲ್ಲ. 1929ರಲ್ಲಿ ಕೇಂಬ್ರಿಜ್‌ನಲ್ಲಿ ಡ್ರೂರಿ ಮತ್ತು ಸೆಂಟ್-ಗ್ಯೋರ್ಗಿ ಎಂಬಿಬ್ಬರು ಅಡೆನೊಸಿನ್ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ ಎಂದು ತೋರಿಸಿದರು. 1954ರಲ್ಲಿ ಫೆಲ್ಡ್‌ಬರ್ಗ್ ಮತ್ತು ಶೆರ್ವುಡ್ ಬೆಕ್ಕಿನ ಮೆದುಳಿನೊಳಗೆ ಅಡೆನೊಸಿನ್ ಸೇರಿಸಿದಾಗ ಬೆಕ್ಕು ನಿದ್ದೆಯಂಥ ಸ್ಥಿತಿಗೆ ಜಾರಿತು. 1997ರಲ್ಲಿ ತಾರ್ಯ ಪೋರ್ಕಾ-ಹೈಸ್ಕನೆನ್, ರಾಬರ್ಟ್ ಮೆಕಾರ್ಲಿ ಮತ್ತವರ ಜೊತೆಗಾರರು ಬೆಕ್ಕುಗಳನ್ನು ಆರು ಗಂಟೆ ಮಲಗಗೊಡದೆ ಇಟ್ಟು ಮೆದುಳಿನ ಬುಡಭಾಗದಲ್ಲಿ ಅಡೆನೊಸಿನ್ ಅಳೆದರು. ಎಚ್ಚರ ಮುಂದುವರಿದಂತೆ ಅದು ಏರಿತು, ಮಲಗಲು ಬಿಟ್ಟ ಮೇಲೆ ನಿಧಾನವಾಗಿ ಇಳಿಯಿತು.

ಅಡೆನೊಸಿನ್ ಕೆಲಸ ಮಾಡುವುದು ಜೀವಕೋಶದ ಮೈಮೇಲಿನ ರಿಸೆಪ್ಟರ್‌ಗಳ ಮೂಲಕ. ನಿದ್ದೆಯ ಮಟ್ಟಿಗೆ ಎರಡು ಮುಖ್ಯ: ಎ1 ಮತ್ತು ಎ2ಎ. ಎ1ಕ್ಕೆ ಅಡೆನೊಸಿನ್ ಅಂಟಿಕೊಂಡರೆ ಎಚ್ಚರ ಕಾಯುವ ಕೋಶಗಳ ಮಾತುಕತೆ ತಗ್ಗುತ್ತದೆ. ಎ2ಎ ಕಡೆಯಿಂದ ನಿದ್ದೆ ತರುವ ಕೇಂದ್ರಗಳಿಗೆ ಬಲ ಬರುತ್ತದೆ.

ಕಾಫಿ, ಟೀಯಲ್ಲಿರುವ ಕೆಫೀನ್ ಮಾಡುವುದು ಇಷ್ಟೇ: ಆ ರಿಸೆಪ್ಟರ್‌ಗಳ ಮೇಲೆ ತಾನು ಹೋಗಿ ಕೂತು ಅಡೆನೊಸಿನ್‌ಗೆ ಜಾಗ ಕೊಡುವುದಿಲ್ಲ. ಕೆರೆಗೆ ನೀರು ಬರುವುದು ನಿಲ್ಲುವುದಿಲ್ಲ, ಏರಿದ್ದು ನಿಮಗೆ ತಿಳಿಯುವುದಿಲ್ಲ ಅಷ್ಟೆ. ಕೆಫೀನ್ ಕರಗಿದ ಮೇಲೆ ಸೇರಿದ್ದೆಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಹೊರಹೋಗಲು ಆರೋಗ್ಯವಂತರಿಗೆ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ನಿಮ್ಮ ರಕ್ತದಲ್ಲಿದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲಿ ಅದು ಇನ್ನೂ ಬಹಳ ಹೊತ್ತು ಉಳಿಯುತ್ತದೆ. ಸಂಜೆ ನಾಲ್ಕು ಲೋಟ ಟೀ ಕುಡಿದು 'ನಿದ್ದೆ ಬರಲ್ಲ, ಮಾತ್ರೆ ಬೇಕು' ಎನ್ನುವವರಿಗೆ ನಾನು ಮೊದಲು ಹೇಳುತ್ತಿದ್ದದ್ದು ಟೀ ಲೋಟದ ಸಂಗತಿಯನ್ನೇ.

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಡಯಾಜೆಪಾಮ್, ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್ ಎಲ್ಲವೂ ಬೆಂಜೊಡಯಾಜೆಪಿನ್ ಎಂಬ ಒಂದೇ ಕುಟುಂಬದವು. ಸ್ವಿಸ್ ಕಂಪನಿ ರೋಶ್‌ನ ಅಮೆರಿಕದ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞ ಈ ಕುಟುಂಬವನ್ನು ಕಂಡುಹಿಡಿದರು. ಮೊದಲನೆಯದು 1960ರಲ್ಲಿ ಮಾರುಕಟ್ಟೆಗೆ ಬಂತು, ಡಯಾಜೆಪಾಮ್ 1963ರಲ್ಲಿ. ಇವುಗಳ ಮುಖ್ಯ ದಾರಿ ಗಾಬಾ. ಮೆದುಳಿನಲ್ಲಿ ಗದ್ದಲ ತಗ್ಗಿಸುವ ಮುಖ್ಯ ರಾಸಾಯನಿಕ ಅದು. ಗಾಬಾ-ಎ ರಿಸೆಪ್ಟರ್‌ನ ಒಂದು ಮೂಲೆಯಲ್ಲಿ ಮಾತ್ರೆಯ ಅಣು ಕೂತರೆ, ಗಾಬಾ ಬಂದಾಗಲೆಲ್ಲ ಕ್ಲೋರೈಡ್ ಒಳಗೆ ಬಿಡುವ ಬಾಗಿಲು ಹೆಚ್ಚು ಬಾರಿ ತೆರೆಯುತ್ತದೆ, ಕೋಶ ತೆಪ್ಪಗಾಗುತ್ತದೆ. ಆತಂಕ ಇಳಿಯುವುದು, ಮೈ ಸಡಿಲಾಗುವುದು, ಫಿಟ್ಸ್ ನಿಲ್ಲುವುದು ಎಲ್ಲ ಇದರಿಂದಲೇ.

ಆದರೆ ಈ ಮಾತ್ರೆಗಳಿಗೆ ಇನ್ನೊಂದು ದಾರಿಯೂ ಇದೆ ಎಂದು 1980ರಲ್ಲಿ ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಜಾನ್ ಫಿಲಿಸ್ ಮತ್ತವರ ಸಂಗಡಿಗರು ತೋರಿಸಿದರು. ಜೀವಕೋಶಗಳ ನಡುವೆ ಸೇರಿದ ಅಡೆನೊಸಿನ್ ಅನ್ನು ಮತ್ತೆ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನ್‌ಗಳಿವೆ. ಕೆರೆಯ ತೂಬು ಅಂದೆನಲ್ಲ, ಅದು ಇದೇ. ಇಲಿಯ ಮೆದುಳಿನ ನರತುದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಬೆಂಜೊಡಯಾಜೆಪಿನ್‌ಗಳು ಈ ತೂಬನ್ನು ಕಿರಿದು ಮಾಡಿದವು. ತೂಬು ಕಿರಿದಾದರೆ ಅಡೆನೊಸಿನ್ ಹೊರಗೇ ಉಳಿಯುತ್ತದೆ, ಎ1 ರಿಸೆಪ್ಟರ್‌ನ ಮೇಲೆ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಗಾಬಾ ದಾರಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಔಷಧ ಈ ದಾರಿಗೆ ಬೇಕು. ಹಾಗಾಗಿ ವೈದ್ಯರು ಬರೆಯುವ ಸಾಧಾರಣ ಪ್ರಮಾಣದಲ್ಲಿ ಇದರ ಪಾಲು ಎಷ್ಟು ಎಂಬುದು ಇನ್ನೂ ವಾದದಲ್ಲಿರುವ ವಿಷಯ. ಆದರೂ ಕೆಫೀನ್‌ನ ಸೋದರ ಸಂಬಂಧಿಯಾದ ಅಮಿನೊಫಿಲಿನ್ ಇಂಜೆಕ್ಷನ್ ಕೊಟ್ಟಾಗ ಡಯಾಜೆಪಾಮ್‌ನ ಮಂಪರು ಇಳಿದದ್ದನ್ನು 1980ರ ದಶಕದಲ್ಲಿ ಅರಿವಳಿಕೆ ವೈದ್ಯರು ಬರೆದಿದ್ದಾರೆ. ಎರಡೂ ದಾರಿಗಳ ನಡುವೆ ನಂಟಿದೆ ಎಂದು ಇದರಿಂದ ಕಾಣುತ್ತದೆ.

ಹಳೆಯ ಕಾಲದ ನಿದ್ದೆ ಔಷಧ ಬಾರ್ಬಿಟ್ಯುರೇಟ್‌ಗಳ ಕಥೆ ಇನ್ನೂ ವಿಚಿತ್ರ. ಅವು ಮನುಷ್ಯನನ್ನು ಮಲಗಿಸುತ್ತವೆ, ಆದರೆ ಎ1 ರಿಸೆಪ್ಟರ್ ಅನ್ನು ಕೆಫೀನ್‌ನ ಹಾಗೆ ತಡೆಯುತ್ತವೆ ಎಂದು 1980ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಕಂಡರು. ಮಲಗಿಸುವ ಔಷಧಗಳೆಲ್ಲ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಒಬ್ಬರಿಗೆ ಒಗ್ಗಿದ ಮಾತ್ರೆಯನ್ನು ಇನ್ನೊಬ್ಬರು ಅಂದಾಜಿನ ಮೇಲೆ ನುಂಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಈಗ ಹೇಳುವ ಮಾತು ನಿಮ್ಮ ಮನಸ್ಸಿನಲ್ಲಿ ನಿಲ್ಲಬೇಕು. ದುಡಿದು ದಣಿದು, ಅಡೆನೊಸಿನ್ ತಾನಾಗಿ ಏರಿ ಬಂದ ನಿದ್ದೆಯಲ್ಲಿ ಮೆದುಳಿನ ಅಲೆಗಳು ನಿಧಾನವಾಗಿ ದೊಡ್ಡದಾಗಿ ಏಳುತ್ತವೆ. ಗಾಢನಿದ್ದೆ ಅಂದರೆ ಅದು. ಓದಿದ್ದು ಮನಸ್ಸಿನಲ್ಲಿ ನೆಲೆಯಾಗುವುದಕ್ಕೂ ದಣಿವು ಆರುವುದಕ್ಕೂ ಅದು ಬೇಕು. ಬೆಂಜೊಡಯಾಜೆಪಿನ್ ಮಾತ್ರೆ ನಿದ್ದೆಯನ್ನು ಬೇಗ ತರುತ್ತದೆ, ಆದರೆ ಆ ನಿಧಾನದ ಅಲೆಗಳನ್ನೇ ತಗ್ಗಿಸುತ್ತದೆ. ಗಂಟೆ ಲೆಕ್ಕಕ್ಕೆ ನಿದ್ದೆ ಉದ್ದವಾಗುತ್ತದೆ, ಆಳ ಕಡಿಮೆಯಾಗುತ್ತದೆ. ಜೊತೆಗೆ ಈ ಮಾತ್ರೆಗಳು ಹೊಸ ನೆನಪು ಕೂರುವುದನ್ನೂ ತಡೆಯುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಅಜ್ಜಿಯ ಡಬ್ಬಿಗೆ ಕೈ ಹಾಕಿದ ಮಗು ಓದಿದ್ದನ್ನೇ ಪಣಕ್ಕಿಡುತ್ತದೆ.

ಇನ್ನು ಬೆಳಗಿನ ಮಾತು. ಡಯಾಜೆಪಾಮ್ ದೇಹದಲ್ಲಿ ಅರ್ಧ ಕಡಿಮೆಯಾಗಲು ಒಂದು ದಿನವೋ ಎರಡು ದಿನವೋ ಬೇಕಾಗುತ್ತದೆ, ಅದರಿಂದ ಹುಟ್ಟುವ ಇನ್ನೊಂದು ವಸ್ತು ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಆಲ್ಪ್ರಜೋಲಾಮ್‌ಗೆ ಸುಮಾರು ಹನ್ನೊಂದು ಗಂಟೆ. ರಾತ್ರಿ ಹತ್ತಕ್ಕೆ ನುಂಗಿದವನು ಬೆಳಿಗ್ಗೆ ಆರಕ್ಕೆ ಬೈಕೋ ಟ್ರ್ಯಾಕ್ಟರೋ ಹತ್ತಿದಾಗ ಅರ್ಧಕ್ಕಿಂತ ಹೆಚ್ಚು ಮಾತ್ರೆ ಅವನ ಜೊತೆಗೇ ಸವಾರಿ ಹೊರಟಿರುತ್ತದೆ. ಶಿರಾ ರಸ್ತೆಯಲ್ಲಿ ಗಾಡಿ ಓಡಿಸುವ ಮಕ್ಕಳು ಇದನ್ನು ಮರೆಯಬೇಡಿ.

ಎಣ್ಣೆಯ ಮೇಲೆ ಮಾತ್ರೆ ನುಂಗುವುದು ಎಲ್ಲಕ್ಕಿಂತ ಕೆಟ್ಟದ್ದು. ಮದ್ಯವೂ ಗಾಬಾ ದಾರಿಯನ್ನೇ ಹಿಡಿಯುತ್ತದೆ. ಅದು ಅಡೆನೊಸಿನ್ ತೂಬನ್ನೂ ಮುಚ್ಚುತ್ತದೆ ಎಂದು 1990ರ ಹೊತ್ತಿಗೆ ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರು ಜೀವಕೋಶಗಳಲ್ಲಿ ತೋರಿಸಿದರು. ಮದ್ಯ ತರುವ ನಿದ್ದೆಯಲ್ಲಿ ಅಡೆನೊಸಿನ್‌ಗೆ ದೊಡ್ಡ ಪಾಲಿದೆ ಎಂದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಮಹೇಶ್ ಥಕ್ಕರ್ ಮತ್ತವರ ತಂಡ 2010ರಲ್ಲಿ ಇಲಿಗಳಲ್ಲಿ ಕಂಡಿತು. ಎರಡು ಮಲಗಿಸುವ ವಸ್ತುಗಳು ಒಟ್ಟಿಗೆ ಸೇರಿದರೆ ಉಸಿರಾಟ ನಡೆಸುವ ಕೇಂದ್ರವೂ ಮಂಕಾಗುತ್ತದೆ. ಒಂದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದ ದೇಹ ಎರಡೂ ಸೇರಿದಾಗ ಉಸಿರನ್ನೇ ಬಿಟ್ಟುಬಿಡಬಹುದು.

ಈ ಬೆರಕೆ ತಿಳಿಯದೆಯೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಕಡೆ ಈಚಲು ಸೇಂದಿ ಇಳಿಸುವುದು ಕಾನೂನಿನ ಪ್ರಕಾರ ನಿಂತು ಹೋಗಿದೆ. ಆದರೆ ರಾಯಚೂರು ಕಡೆ ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. 1869ರಲ್ಲಿ ಬರ್ಲಿನ್‌ನ ಲೀಬ್‌ರೈಕ್ ನಿದ್ದೆ ಔಷಧವಾಗಿ ಬಳಕೆಗೆ ತಂದ ವಸ್ತು ಅದು. ತೆಲಂಗಾಣದಲ್ಲಿ ಇದರ ಜೊತೆ ಡಯಾಜೆಪಾಮ್, ಆಲ್ಪ್ರಜೋಲಾಮ್ ಕೂಡ ಸೇಂದಿಯಲ್ಲಿ ಸಿಕ್ಕಿವೆ. ಅಂಥ ಸೇಂದಿ ಕುಡಿಯುತ್ತಿದ್ದವರಿಗೆ ಒಂದು ದಿನ ಅದು ಸಿಗದೆ ಹೋದಾಗ ಕೈಕಾಲು ನಡುಗಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ತಾವು ನಿದ್ದೆ ಮಾತ್ರೆಗೆ ಅಂಟಿಕೊಂಡಿದ್ದೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾಟಿ ಔಷಧಕ್ಕೂ ಇದೇ ಮಾತು. ಕೊರಟಗೆರೆ ಕಡೆಯ ಸಿದ್ದರಬೆಟ್ಟದ ಗಿಡಮೂಲಿಕೆಗಳ ಮೇಲೆ ನನಗೂ ಗೌರವವಿದೆ. ಆದರೆ ಒಳಗೆ ಏನಿದೆ ಎಂದು ಹೇಳದ ಪುಡಿಯನ್ನು, ಯಾರು ಕೊಟ್ಟರೂ, ನಿದ್ದೆಗೆಂದು ನುಂಗಬೇಡಿ.

ಉಬ್ಬಸ ಇರುವ ಮನೆಯವರಿಗೆ ಒಂದು ವಿಶೇಷ ಮಾತು. ಜಲ್ಲಿ ಕ್ರಷರಿನ ಧೂಳು, ಕಡಲೆಕಾಯಿ ಸಿಪ್ಪೆಯ ಧೂಳು, ಸೌದೆ ಒಲೆಯ ಹೊಗೆ ಇವುಗಳ ನಡುವೆ ಬದುಕಿದ ಎಷ್ಟೋ ಹಿರಿಯರು ದಮ್ಮಿಗೆ ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಾರೆ. ಥಿಯೋಫಿಲಿನ್ ಕೂಡ ಕೆಫೀನ್‌ನ ಮನೆತನದ್ದು, ಅಡೆನೊಸಿನ್ ರಿಸೆಪ್ಟರ್ ಅನ್ನು ಅದೂ ತಡೆಯುತ್ತದೆ. ಎದೆ ಹಗುರಾಗುತ್ತದೆ, ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ. ಅದರ ಜೊತೆ ಸಿಪ್ರೊಫ್ಲಾಕ್ಸಸಿನ್ ಆಂಟಿಬಯೋಟಿಕ್ ಸೇರಿದರೆ ರಕ್ತದಲ್ಲಿ ಥಿಯೋಫಿಲಿನ್ ಏರಿ ಫಿಟ್ಸ್‌ವರೆಗೂ ಹೋಗಬಹುದು. ಇಂಥ ಅಜ್ಜ 'ನಿದ್ದೆ ಇಲ್ಲ ಕಣಪ್ಪ' ಎಂದಾಗ ಮೊಮ್ಮಗ ಅಂಗಡಿಗೆ ಬಂದು ನಿದ್ದೆ ಮಾತ್ರೆ ಕೇಳುತ್ತಾನೆ. ದಮ್ಮಿರುವವರಿಗೆ ಉಸಿರು ತಗ್ಗಿಸುವ ಮಾತ್ರೆ ಕೊಡುವುದು ಅಪಾಯ. ಅಲ್ಲಿ ಬೇಕಾದದ್ದು ಹೊಸ ಮಾತ್ರೆಯಲ್ಲ. ಅಜ್ಜ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ.

ಯಾರಾದರೂ ಹೆಚ್ಚು ಮಾತ್ರೆ ನುಂಗಿ ಎಬ್ಬಿಸಿದರೂ ಏಳದೆ ಹೋದರೆ, ಕಡು ಕಾಫಿ ಕುಡಿಸಲು ಹೋಗಬೇಡಿ. ಕೆಫೀನ್ ಅಡೆನೊಸಿನ್ ಅನ್ನು ತಡೆಯಬಹುದು, ಗಾಬಾ ದಾರಿಯ ಮಂಪರನ್ನು ಅದು ಬಿಡಿಸದು. ಎಚ್ಚರವಿಲ್ಲದವರ ಬಾಯಿಗೆ ಹಾಕಿದ್ದು ಉಸಿರುನಾಳಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಉಸಿರು ನೋಡುತ್ತಿರಿ, 108ಕ್ಕೆ ಫೋನ್ ಮಾಡಿ, ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಜೊತೆಯಲ್ಲಿ ಕೊಂಡೊಯ್ಯಿರಿ. ಈ ಮಾತ್ರೆಗಳ ಕೆಲಸವನ್ನು ತಡೆಯುವ ಫ್ಲುಮಾಜೆನಿಲ್ ಎಂಬ ಇಂಜೆಕ್ಷನ್ ಇದೆ. ಅದನ್ನು ಕೊಡಬೇಕೋ ಬೇಡವೋ ಎಂಬುದು ವೈದ್ಯರು ತೀರ್ಮಾನಿಸಬೇಕಾದ ವಿಷಯ, ಅದೂ ಆಸ್ಪತ್ರೆಯಲ್ಲಿ.

ಇದೆಲ್ಲ ಕೇಳಿ ಹೆದರಿ, ಮನೆಯಲ್ಲಿ ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುತ್ತಿರುವ ಅಮ್ಮನ ಕೈಯಿಂದ ಇವತ್ತೇ ಡಬ್ಬಿ ಕಿತ್ತುಕೊಳ್ಳಬೇಡಿ. ದಿನವೂ ಮಾತ್ರೆ ಕಂಡ ಮೆದುಳು ತನ್ನ ರಿಸೆಪ್ಟರ್‌ಗಳನ್ನು ಅದಕ್ಕೆ ಹೊಂದಿಸಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ನಿದ್ದೆ ಪೂರ್ತಿ ಹಾರುವುದು, ಬೆವರು, ನಡುಕ, ಕೆಲವೊಮ್ಮೆ ಫಿಟ್ಸ್. ಡಾಕ್ಟರು ಹೇಳಿದ ಹಾಗೆ ವಾರಗಳ, ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮಾತ್ರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಫಿಟ್ಸ್ ನಿಲ್ಲದ ಮಗುವಿನ ಜೀವ ಉಳಿಸಿದ್ದು ಇದೇ ಕುಟುಂಬದ ಔಷಧ. ತಕ್ಕ ವೈದ್ಯರ ಕೈಯಲ್ಲಿ, ತಕ್ಕ ಕಾಯಿಲೆಗೆ, ಕೆಲವೇ ದಿನ ಎಂಬ ಕಟ್ಟಳೆಯಲ್ಲಿ ಅದು ಒಳ್ಳೆಯದೇ. ವಯಸ್ಸಾದವರಿಗೆ ಇದರಿಂದ ರಾತ್ರಿ ಎದ್ದಾಗ ಆಯತಪ್ಪಿ ಬಿದ್ದು ಸೊಂಟದ ಮೂಳೆ ಮುರಿಯುವ ಭಯ ಹೆಚ್ಚು. ಆದ್ದರಿಂದ ಅವರ ಮಾತ್ರೆಯನ್ನು ವರ್ಷಕ್ಕೊಮ್ಮೆಯಾದರೂ ಡಾಕ್ಟರಿಗೆ ತೋರಿಸಿ, ಇನ್ನೂ ಬೇಕೇ ಎಂದು ಕೇಳಿ.

ಡಾಕ್ಟರ ಚೀಟಿ ಇಲ್ಲದೆ ಈ ಮಾತ್ರೆ ಬೇಡ ಎಂದು ಕಾನೂನು ಕೂಡ ಹೇಳುತ್ತದೆ. ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಮುಂತಾದವು 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ. ಯಾವ ಡಾಕ್ಟರು ಬರೆದರು, ಯಾರಿಗೆ ಎಷ್ಟು ಕೊಟ್ಟೆವು ಎಂದು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಳೇ ಚೀಟಿ ತೋರಿಸಿ ಕೇಳುವುದು ಅಂಗಡಿಯವನನ್ನೂ ನಿಮ್ಮನ್ನೂ ಕಷ್ಟಕ್ಕೆ ನೂಕುವ ಕೆಲಸ.

ಹಾಗಾದರೆ ನಿದ್ದೆ ಬಾರದವರು ಏನು ಮಾಡಬೇಕು? ನಿಮ್ಮ ಒಳಗಿನ ಕೆರೆ ತಾನಾಗಿ ತುಂಬಲು ಬಿಡಿ. ಎಷ್ಟು ಹೊತ್ತಿಗೆ ಮಲಗಿದರೂ ದಿನಾ ಒಂದೇ ಹೊತ್ತಿಗೆ ಏಳಿ. ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಓಡಾಡಿ. ಮಧ್ಯಾಹ್ನ ಎರಡು ಗಂಟೆ ಮಲಗಿದರೆ ರಾತ್ರಿಗೆ ಬೇಕಾದ ನೀರನ್ನು ಆಗಲೇ ಹರಿಯಬಿಟ್ಟಂತೆ. ತೀರಾ ದಣಿವಾದರೆ ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನದ ಊಟದ ಮೇಲೆ ಕಾಫಿ, ಟೀ ಬೇಡ. ಹಾಸಿಗೆಯಲ್ಲಿ ಮೊಬೈಲ್ ಬೇಡ. ಮಲಗಿ ಬಹಳ ಹೊತ್ತಾದರೂ ನಿದ್ದೆ ಬಾರದಿದ್ದರೆ ಎದ್ದು ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗಿ. ಇದನ್ನೆಲ್ಲ ಕ್ರಮವಾಗಿ ಕಲಿಸುವ ಸಿಬಿಟಿ-ಐ ಎಂಬ ಚಿಕಿತ್ಸೆಯೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಎಂದು ವೈದ್ಯಲೋಕ ಒಪ್ಪಿದೆ.

ರಾತ್ರಿ ಪಾಳಿಯವರಿಗೆ ಬೇರೆ ಲೆಕ್ಕ. ಕಾಫಿಯನ್ನು ಪಾಳಿಯ ಆರಂಭದಲ್ಲೇ ಕುಡಿದು ಮುಗಿಸಿ, ಕೊನೆಯ ಗಂಟೆಗಳಲ್ಲಿ ಬೇಡ. ಮನೆಗೆ ಬಂದ ಮೇಲೆ ಕತ್ತಲೆ ಕೋಣೆಯಲ್ಲಿ ಮಲಗಿ, ಮನೆಯವರಿಗೆ ಆ ಹೊತ್ತು ಬಾಗಿಲು ಬಡಿಯಬೇಡಿ ಎಂದು ಹೇಳಿಡಿ. ಗಾಡಿ ಓಡಿಸುವಾಗ ಕಣ್ಣು ಮುಚ್ಚಿಕೊಂಡು ಬಂದರೆ ಬರೀ ಹಾಡು, ಗಾಳಿ, ಟೀಯನ್ನೇ ನಂಬಬೇಡಿ. ಧಾಬಾ ಹತ್ತಿರ ನಿಲ್ಲಿಸಿ, ಒಂದು ಟೀ ಕುಡಿದು ಆಗಲೇ ಇಪ್ಪತ್ತು ನಿಮಿಷ ಮಲಗಿ. ನೀವು ಏಳುವ ಹೊತ್ತಿಗೆ ಅಡೆನೊಸಿನ್ ಒಂದಿಷ್ಟು ಇಳಿದಿರುತ್ತದೆ, ಕೆಫೀನ್ ಕೆಲಸ ಶುರು ಮಾಡಿರುತ್ತದೆ.

ಮೂರು ವಾರ ಹೀಗೆ ಮಾಡಿದರೂ ನಿದ್ದೆ ಬಾರದಿದ್ದರೆ, ಮನಸ್ಸಿನ ಮೇಲೆ ಏನೋ ಭಾರವಿರಬಹುದು. ಸಾಲವೋ, ಮಳೆ ಕೈಕೊಟ್ಟ ಚಿಂತೆಯೋ, ಫಲಿತಾಂಶದ ಭಯವೋ, ಯಾರಿಗೂ ಹೇಳಲಾಗದ ನೋವೋ ಇರಬಹುದು. ಕೆಲವೊಮ್ಮೆ ಅದು ಥೈರಾಯ್ಡ್, ಗೊರಕೆಯ ಕಾಯಿಲೆಯೂ ಆಗಿರಬಹುದು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆ ನಡೆಸುವ ಏರ್ಪಾಡು ಕರ್ನಾಟಕದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಹೊತ್ತಿಗೆ ಎಂದು ವಿಚಾರಿಸಿ. ನಮ್ಮ ಜಿಲ್ಲೆಯ ತುರುವೇಕೆರೆಯ ಹಳ್ಳಿಗಳಿಗೇ ನಿಮ್ಹಾನ್ಸ್‌ನವರು ಬಂದು ಮನೋರೋಗಿಗಳಿಗೆ ವರ್ಷಾನುಗಟ್ಟಲೆ ಚಿಕಿತ್ಸೆ ಕೊಟ್ಟಿದ್ದಾರೆ. ಹಳ್ಳಿಯವರು ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು ನಾಚಿಕೆಯ ಸಂಗತಿ ಎಂಬ ಕಾಲ ಮುಗಿಯಿತು. ಅದನ್ನು ಮುಗಿಸಬೇಕಾದವರು ನೀವೇ.

ನಿಮ್ಮಲ್ಲಿ ಕೆಲವರು ಬಿ.ಫಾರ್ಮಾ, ನರ್ಸಿಂಗ್, ವೈದ್ಯಕೀಯ ಓದುತ್ತಿದ್ದೀರಿ. ನಾಳೆ ಇದೇ ಊರುಗಳ ಕೌಂಟರಿನ ಹಿಂದೆ ನಿಲ್ಲುವವರು ನೀವು. ಪರಿಚಯದವರು ಬಂದು 'ಎರಡೇ ಎರಡು ಮಾತ್ರೆ' ಎಂದು ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಆದರೂ ಇಲ್ಲ ಅನ್ನಿ. ಅಂದ ಮೇಲೆ ಅಲ್ಲಿಗೇ ಬಿಡಬೇಡಿ, ಸ್ಟೂಲು ಎಳೆದು ಕೂರಿಸಿ, ಯಾಕೆ ನಿದ್ದೆ ಬರುತ್ತಿಲ್ಲ ಎಂದು ಕೇಳಿ. ಮಾತ್ರೆ ಕೇಳಲು ಬಂದವರಲ್ಲಿ ಎಷ್ಟೋ ಜನಕ್ಕೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರುವುದಿಲ್ಲ.